ಅಮೆರಿಕದಲ್ಲಿ ಅಪ್ಪ ಅಮ್ಮನಿಗೆ ನರ್ಸಿಂಗ್ ಹೋಮ್ ಆರಿಸುವಾಗ

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಚೆನ್ನಾಗಿ ಆಗಿದೆ. ನಾಲ್ಕನೇ ದಿನ ಆಸ್ಪತ್ರೆಯ ಕೇಸ್ ಮ್ಯಾನೇಜರ್ (ಡಿಸ್ಚಾರ್ಜ್ ಆದ ಮೇಲಿನ ಏರ್ಪಾಡು ನೋಡುವವರು) ನರ್ಸಿಂಗ್ ಹೋಮ್‌ಗಳ, ಅಂದರೆ ಇಲ್ಲಿ ಆಸ್ಪತ್ರೆಯ ನಂತರದ ಥೆರಪಿ, ವೃದ್ಧರ ಆರೈಕೆ ಕೊಡುವ ಕಡೆಗಳ ಒಂದು ಪಟ್ಟಿ ಕೈಗಿಟ್ಟು, "ನಾಳೆ ಡಿಸ್ಚಾರ್ಜ್, ಇದರಲ್ಲಿ ಎರಡು ಮೂರು ಹೆಸರು ಹೇಳಿ" ಅಂತಾರೆ. ನಮ್ಮವರ ಎಷ್ಟೋ ಮನೆಗಳಲ್ಲಿ ಹುಡುಕಾಟ ಶುರುವಾಗುವುದೇ ಹೀಗೆ, ಗಡಿಬಿಡಿಯಲ್ಲಿ. ಆದರೆ ಆಯ್ಕೆ ನಿಮ್ಮದು. ಅವರು ತೋರಿಸಿದ್ದಕ್ಕೇ ಹೂಂ ಅನ್ನಬೇಕಾಗಿಲ್ಲ.

ಮೊದಲು ದುಡ್ಡಿನ ವಿಷಯ. ಆಸ್ಪತ್ರೆ ಸೇರಿದ ದಿನವೇ ಕೇಳಿ: "ಇನ್‌ಪೇಷೆಂಟ್ ಅಂತ ಸೇರಿಸಿಕೊಂಡಿದ್ದೀರಾ, ಅಬ್ಸರ್ವೇಷನ್‌ನಲ್ಲಿ ಇಟ್ಟಿದ್ದೀರಾ?" ಇನ್‌ಪೇಷೆಂಟ್ ಅಂದರೆ ಅಧಿಕೃತವಾಗಿ ದಾಖಲು ಮಾಡಿಕೊಂಡದ್ದು, ಅಬ್ಸರ್ವೇಷನ್ ಅಂದರೆ ದಾಖಲು ಮಾಡದೆ ನಿಗಾದಲ್ಲಿ ಇಟ್ಟದ್ದು. ಮಂಚವೂ ಅದೇ, ಡಾಕ್ಟರೂ ಅವರೇ. ಆದರೆ ಒರಿಜಿನಲ್ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗೆ ಸರ್ಕಾರವೇ ನಡೆಸುವ ಆರೋಗ್ಯ ವಿಮೆ) ನರ್ಸಿಂಗ್ ಹೋಮಿಗೆ ದುಡ್ಡು ಕೊಡಬೇಕಾದರೆ ಮೂರು ದಿನ ಇನ್‌ಪೇಷೆಂಟ್ ಆಗಿರಲೇಬೇಕು. ಅಬ್ಸರ್ವೇಷನ್ ದಿನಗಳು, ಡಿಸ್ಚಾರ್ಜ್ ಆಗುವ ದಿನ ಇದರಲ್ಲಿ ಸೇರುವುದಿಲ್ಲ. ಮೊದಲ 20 ದಿನ ಪೂರ್ತಿ ಮೆಡಿಕೇರ್‌ನದು. 21ರಿಂದ 100ನೇ ದಿನದವರೆಗೆ ನಿಮ್ಮ ಪಾಲೂ ಇದೆ, 2025ರಲ್ಲಿ ದಿನಕ್ಕೆ 209.50 ಡಾಲರ್. ಅದೂ ನರ್ಸ್ ಅಥವಾ ಥೆರಪಿಸ್ಟ್ ಆರೈಕೆ ಬೇಕಾಗಿರುವಷ್ಟು ದಿನ ಮಾತ್ರ. ಬರೀ ಸ್ನಾನ, ಊಟ, ಎತ್ತಿ ಕೂರಿಸುವುದಕ್ಕೆ ಮೆಡಿಕೇರ್ ಕೊಡುವುದಿಲ್ಲ. ಆ ಖರ್ಚು ಕೈಯಿಂದ ಹೋಗುತ್ತದೆ, ಇಲ್ಲವೇ ಆದಾಯ, ಆಸ್ತಿ ಕಡಿಮೆ ಇದ್ದರೆ ಸರ್ಕಾರದ ನೆರವಿನ ಯೋಜನೆಯಾದ ಮೆಡಿಕೇಡ್ ನೋಡಿಕೊಳ್ಳುತ್ತದೆ. ಖಾಸಗಿ ಕಂಪನಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್ ಇದ್ದರೆ ನಿಯಮ ಬೇರೆ. ಯಾವ ಹೋಮ್ ನೆಟ್‌ವರ್ಕ್‌ನಲ್ಲಿದೆ ಅಂತ ಕಂಪನಿಗೆ ಫೋನ್ ಮಾಡಿಯೇ ತಿಳಿದುಕೊಳ್ಳಿ.

ಊರಿಂದ ಬಂದ ಅಪ್ಪ ಅಮ್ಮನ ಕಥೆ ಇನ್ನೂ ಕಷ್ಟ. ಇಲ್ಲಿ ದುಡಿದ ದಾಖಲೆ ಇಲ್ಲದ, 65 ದಾಟಿದ ಗ್ರೀನ್ ಕಾರ್ಡಿನವರು ಐದು ವರ್ಷ ಸತತವಾಗಿ ಇಲ್ಲಿದ್ದ ಮೇಲೆ ಪ್ರೀಮಿಯಂ ಕಟ್ಟಿ ಮೆಡಿಕೇರ್ ಕೊಳ್ಳಬಹುದು. ಮಕ್ಕಳು ಕಟ್ಟಿದ ತೆರಿಗೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಮೆಡಿಕೇಡ್‌ಗೂ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಅವರನ್ನು ಕರೆಸಿಕೊಳ್ಳುವ ಮೊದಲೇ ಅಣ್ಣ ತಮ್ಮ, ಅಕ್ಕ ತಂಗಿ ಕೂತು ಈ ಮಾತು ಆಡಿಬಿಡುವುದು ಒಳ್ಳೆಯದು.

ಇನ್ನು ಆಯ್ಕೆ. ಮೆಡಿಕೇರ್ ವೆಬ್‌ಸೈಟಿನ ಕೇರ್ ಕಂಪೇರ್‌ನಲ್ಲಿ ಬಹುತೇಕ ಎಲ್ಲ ಹೋಮಿಗೂ ಒಂದರಿಂದ ಐದು ಸ್ಟಾರ್ ಇರುತ್ತದೆ. ಒಟ್ಟು ಸ್ಟಾರ್ ನೋಡಿ ಸುಮ್ನೆ ನಂಬಬೇಡಿ. ಅದರೊಳಗೆ ಮೂರು ಭಾಗಗಳಿವೆ. ಕ್ವಾಲಿಟಿ ಅಂಕಗಳಲ್ಲಿ ಬಹಳಷ್ಟು ಆ ಹೋಮಿನವರೇ ಕೊಟ್ಟ ಮಾಹಿತಿ. ಇನ್‌ಸ್ಪೆಕ್ಷನ್ ಸರ್ಕಾರದವರು ಬಂದು ನೋಡಿದ್ದು, ಸ್ಟಾಫಿಂಗ್, ಅಂದರೆ ಸಿಬ್ಬಂದಿಯ ಲೆಕ್ಕ, ಸಂಬಳದ ದಾಖಲೆಯಿಂದ ಬಂದದ್ದು. ನಾನು ಇವೆರಡನ್ನೇ ಜಾಸ್ತಿ ನಂಬುತ್ತೇನೆ. ವಾರಾಂತ್ಯದಲ್ಲಿ ಎಷ್ಟು ನರ್ಸ್‌ಗಳಿರುತ್ತಾರೆ, ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಅನ್ನುವುದೂ ಅಲ್ಲೇ ಸಿಗುತ್ತದೆ. ಹೆಸರಿನ ಪಕ್ಕ ಕೆಂಪು ವೃತ್ತದಲ್ಲಿ ಕೈ ಗುರುತು ಇದ್ದರೆ ಅಲ್ಲಿ ದೌರ್ಜನ್ಯಕ್ಕೆ ಸಂಬಂಧಿಸಿದ ತಪ್ಪು ಇನ್‌ಸ್ಪೆಕ್ಷನ್‌ನಲ್ಲಿ ದಾಖಲಾಗಿದೆ ಎಂದರ್ಥ. ನಾನಾದರೆ ಅದನ್ನು ಅಲ್ಲಿಗೇ ಬಿಡುತ್ತೇನೆ.

ಆಮೇಲೆ ಹೋಗಿ ನೋಡಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಕಡೆಯೂ ಚೆನ್ನಾಗಿಯೇ ಕಾಣುತ್ತದೆ. ಭಾನುವಾರ ಸಂಜೆ ಊಟದ ಹೊತ್ತಿಗೆ ಹೋಗಿ. ಲಾಬಿಯ ಪಿಯಾನೋ, ಹೂಕುಂಡ ಬಿಟ್ಟು ನೇರ ಕಾರಿಡಾರಿಗೆ ನಡೆಯಿರಿ. ಮಂಚದ ಪಕ್ಕದ ಟೇಬಲ್ಲಿನ ಮೇಲೆ ನೀರಿನ ಜಗ್ಗು ಇದೆಯಾ? ಮಲಗಿದವರ ಕೈಗೆ ಅದು ಎಟುಕುತ್ತದಾ? ಎಟುಕದ ಜಗ್ಗು ಇದ್ದೂ ಇಲ್ಲದಂತೆ. ಬೆಲ್ ಒತ್ತಿದಾಗ ಬಾಗಿಲ ಮೇಲೆ ಹತ್ತುವ ದೀಪ ಎಷ್ಟು ಹೊತ್ತು ಉರಿಯುತ್ತಲೇ ಇರುತ್ತದೆ ಅಂತ ನಿಂತು ನೋಡಿ. ಅಲ್ಲಿನ ನರ್ಸಿಂಗ್ ಅಸಿಸ್ಟೆಂಟ್ ಒಬ್ಬರನ್ನು ಮೆಲ್ಲಗೆ ಕೇಳಿ: "ಇವತ್ತು ನೀವೊಬ್ಬರೇ ಎಷ್ಟು ಜನರನ್ನು ನೋಡಿಕೊಳ್ಳಬೇಕು?" ಆ ಉತ್ತರ ಯಾವ ಬ್ರೋಷರಿನಲ್ಲೂ ಸಿಗುವುದಿಲ್ಲ.

ದೂರವೂ ಮುಖ್ಯ. ಒಂದು ಗಂಟೆ ಆಚೆಯ ಐದು ಸ್ಟಾರಿಗಿಂತ, ಆಫೀಸಿಂದ ಬರುವಾಗ ದಿನವೂ ಹೋಗಿ ಬರಬಹುದಾದ ನಾಲ್ಕು ಸ್ಟಾರೇ ವಾಸಿ. ಮನೆಯವರು ಯಾವ ಹೊತ್ತಿನಲ್ಲಿ ಬೇಕಾದರೂ ಬಂದು ನೋಡುವ ಹಕ್ಕು ಕಾನೂನಿನಲ್ಲೇ ಇದೆ.

ಊಟದ ವಿಷಯ ಬಿಡಿಸಿ ಹೇಳಿ. "ವೆಜಿಟೇರಿಯನ್" ಅಂದರೆ ಸಾಲದು. ಸೂಪಿನಲ್ಲಿ ಚಿಕನ್ ಸ್ಟಾಕ್ ಇರುತ್ತದೆ, ಜೆಲ್ಲೋದಲ್ಲಿ ಜೆಲಾಟಿನ್ ಇರುತ್ತದೆ. ಮೊಟ್ಟೆ ತಿನ್ನದಿದ್ದರೆ ಅದನ್ನೂ ಬರೆಸಿ. ಮನೆಯಿಂದ ಅನ್ನ ಸಾರು ತರಬಹುದಾ, ಎಲ್ಲಿ ಇಡಬೇಕು ಅಂತ ಕೇಳಿಕೊಳ್ಳಿ. ನುಂಗಲು ತೊಂದರೆ ಇದ್ದರೆ ಸ್ಪೀಚ್ ಥೆರಪಿಸ್ಟ್ ಒಪ್ಪದೆ ಏನೂ ಬಾಯಿಗೆ ಹಾಕಬೇಡಿ. ಕನ್ನಡ ಮಾತ್ರ ಬರುವ ಅಮ್ಮನ ಮಂಚದ ಬಳಿ ಒಂದು ಹಾಳೆ ಅಂಟಿಸಿ: ನೀರು, ನೋವು, ಚಳಿ, ಬಾತ್‌ರೂಮ್. ಪಕ್ಕದಲ್ಲಿ ಇಂಗ್ಲಿಷ್ ಅರ್ಥ, ಒಂದೊಂದು ಚಿತ್ರ.

ಸೇರಿಸುವಾಗ ಕಾಗದದ ಕಟ್ಟು ಮುಂದಿಡುತ್ತಾರೆ. ಅಲ್ಲಿ "ರೆಸ್ಪಾನ್ಸಿಬಲ್ ಪಾರ್ಟಿ" (ಹೊಣೆ ಹೊರುವವರು) ಅಂತ ಇರುವ ಕಡೆ ಹುಷಾರು. ಸೇರಿಸಿಕೊಳ್ಳಲು ಮಕ್ಕಳ ಸ್ವಂತ ಗ್ಯಾರಂಟಿ ಬೇಕೇ ಬೇಕು ಅಂತ ಹೇಳುವಂತಿಲ್ಲ, ಫೆಡರಲ್ ಕಾನೂನೇ ತಡೆಯುತ್ತದೆ. ಪವರ್ ಆಫ್ ಅಟಾರ್ನಿ (ಅಪ್ಪ ಅಮ್ಮನ ಬದಲು ವ್ಯವಹರಿಸುವ ಅಧಿಕಾರ ಪತ್ರ) ಇದ್ದರೆ ಅವರ ಪರವಾಗಿ ಅಂತ ಸ್ಪಷ್ಟವಾಗಿ ಬರೆದು ಸಹಿ ಮಾಡಿ. ತಕರಾರು ಬಂದರೆ ಕೋರ್ಟಿಗೆ ಹೋಗದೆ ಮಧ್ಯಸ್ಥರ ಮುಂದೆ ಬಗೆಹರಿಸಿಕೊಳ್ಳುತ್ತೇವೆ ಅನ್ನುವ ಆರ್ಬಿಟ್ರೇಷನ್ ಒಪ್ಪಂದಕ್ಕೂ ಸಹಿ ಕಡ್ಡಾಯವಲ್ಲ. ಮಾಡಿಬಿಟ್ಟಿದ್ದರೂ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಬಹುದು.

ಮುಂದೆ ಒಂದು ದಿನ "ಮೆಡಿಕೇರ್ ಇಂಥ ದಿನಕ್ಕೆ ನಿಲ್ಲುತ್ತದೆ" ಅನ್ನುವ ನೋಟಿಸ್ ಬರುತ್ತದೆ. ಇನ್ನೂ ಥೆರಪಿ ಬೇಕು ಅನ್ನಿಸಿದರೆ, ನಿಲ್ಲುವ ಹಿಂದಿನ ದಿನ ಮಧ್ಯಾಹ್ನ 12ರೊಳಗೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಮೇಲ್ಮನವಿ ಹಾಕಿ. ಬೇರೆ ಯಾವುದೇ ದೂರಿಗೆ ನಿಮ್ಮ ರಾಜ್ಯದ ಲಾಂಗ್ ಟರ್ಮ್ ಕೇರ್ ಒಂಬುಡ್ಸ್‌ಮನ್ (ಇಂಥ ಹೋಮುಗಳಲ್ಲಿರುವವರ ಪರವಾಗಿ ದೂರು ವಿಚಾರಿಸುವವರು) ಇದ್ದಾರೆ. ದುಡ್ಡು ಕೊಡಬೇಕಿಲ್ಲ, ನಂಬರ್ ಹೋಮಿನ ಗೋಡೆಯ ಮೇಲೇ ಹಾಕಿರಬೇಕು.