ತಾರ್ ಹಿಂಡುಗಳನ್ನು ದಾಖಲಿಸುವಾಗ: ಇರವಿಕುಳಂನಲ್ಲಿ ನನ್ನ ಅನುಭವ

ಬೆಳಿಗ್ಗೆ ನಲವತ್ತಿದ್ದ ನೀಲಗಿರಿ ತಾರ್ ಎಂಬ ಕಾಡುಮೇಕೆಗಳ ಹಿಂಡು ಮಧ್ಯಾಹ್ನಕ್ಕೆ ಹದಿನೈದಕ್ಕೆ ಇಳಿದಿರುತ್ತದೆ. ಸಂಜೆ ಪಕ್ಕದ ಇಳಿಜಾರಿನವು ಬಂದು ಸೇರಿದರೆ ಅರವತ್ತು ದಾಟುತ್ತದೆ. ಹೀಗಾಗಿ ನಾನು ಬರೀ ಸಂಖ್ಯೆ ಬರೆದು ಪುಸ್ತಕ ಮುಚ್ಚುವುದಿಲ್ಲ. ಹಿಂಡಿನಲ್ಲಿ ಯಾವ ಯಾವ ವಯಸ್ಸಿನವು, ಗಂಡೆಷ್ಟು, ಹೆಣ್ಣೆಷ್ಟು ಎಂಬುದೇ ನನಗೆ ಮುಖ್ಯ.

ಮುನ್ನಾರ್ ಬಳಿಯ ಇರವಿಕುಳಂ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 97 ಚದರ ಕಿಲೋಮೀಟರ್. ಕುದುರೆಮುಖ ಕಂಡವರಿಗೆ ಕಣಿವೆಗಳಲ್ಲಿನ ಈ ಶೋಲಾ ಕಾಡು, ಈ ಹುಲ್ಲುಗಾವಲು ಹೊಸದೇನಲ್ಲ. ಆದರೆ ತಾರ್ ಇಂದು ಉಳಿದಿರುವುದು ಕೇರಳ, ತಮಿಳುನಾಡುಗಳಲ್ಲಿ ಮಾತ್ರ. ರಾಜಮಲೆಯ ಪ್ರವಾಸಿಗರ ರಸ್ತೆ ಬದಿಯಲ್ಲಿ ಅವು ಜನರಿಗೆ ಒಗ್ಗಿಹೋಗಿವೆ. ಹಿಂಡಿನ ಸಹಜ ವರ್ತನೆ ಬೇಕೆಂದರೆ ಒಳಗಿನ ಬೆಟ್ಟಗಳಿಗೇ ಹೋಗಬೇಕು. ನನಗೆ ದಾರಿ ತೋರಿಸಿದವರು ಅರಣ್ಯ ಇಲಾಖೆಯಲ್ಲಿ ಕಾವಲುಗಾರರಾಗಿರುವ ಮುದುವಾನ್ ಬುಡಕಟ್ಟಿನ ಜನ. ನಾನು ದುರ್ಬೀನು ಹೊರತೆಗೆಯುವಷ್ಟರಲ್ಲಿ ಅವರು ಬರಿಗಣ್ಣಲ್ಲೇ ಬಂಡೆ ಯಾವುದು, ವರಯಾಡು (ತಾರ್‌ಗೆ ಅಲ್ಲಿಯವರ ಹೆಸರು) ಯಾವುದು ಎಂದು ಹೇಳಿಬಿಡುತ್ತಿದ್ದರು.

ಎದುರಿನ ಇಳಿಜಾರಿನಲ್ಲಿ, ನಮ್ಮ ವಾಸನೆ ಅತ್ತ ಹೋಗದಂತೆ ಗಾಳಿ ನೋಡಿಕೊಂಡು ಕೂರುತ್ತೇನೆ. ಒಂದಕ್ಕೊಂದು ಐವತ್ತು ಮೀಟರ್ ಒಳಗಿದ್ದರೆ ಒಂದೇ ಗುಂಪು ಎಂಬ ನಿಯಮ ಇಟ್ಟುಕೊಂಡಿದ್ದೇನೆ. ಎಡದಿಂದ ಬಲಕ್ಕೆ ನೋಡುತ್ತಾ ಮರಿ, ಒಂದು ವರ್ಷದ್ದು, ಹೆಣ್ಣು, ತಿಳಿಕಂದು ಗಂಡು, ಕಡುಕಂದು ಗಂಡು, ಬೆನ್ನ ಮೇಲೆ ಬೆಳ್ಳಿ ಬಣ್ಣದ ಜೀನು ಹೊದ್ದಂತಿರುವ ಹಿರಿಗಂಡು ಎಂದು ಬೇರೆ ಬೇರೆ ಗುರುತು ಹಾಕುತ್ತೇನೆ. ಕಾಲು ಗಂಟೆ ಬಿಟ್ಟು ಮತ್ತೆ ಅದೇ ಕೆಲಸ. ನಡುವೆ ಮಂಜು ಮುಸುಕಿದರೆ ಅದನ್ನೂ ಬರೆಯುತ್ತೇನೆ.

ವರ್ಷದ ಬಹುಪಾಲು ಹಿರಿಗಂಡುಗಳು ತಮ್ಮತಮ್ಮಲ್ಲೇ ಸಣ್ಣ ಗುಂಪು ಕಟ್ಟಿಕೊಂಡೋ ಒಂಟಿಯಾಗಿಯೋ ಇರುತ್ತವೆ. ಮಳೆಗಾಲ ಬಂತೆಂದರೆ ಹೆಣ್ಣು-ಮರಿಗಳ ಹಿಂಡಿಗೆ ಬರುತ್ತವೆ, ಅದು ಬೆದೆಯ ಕಾಲ. ಒಮ್ಮೆ ಒಂದು ಹಿರಿಗಂಡು ಹೆಣ್ಣಿನ ಮೂತ್ರ ಮೂಸಿ, ಕತ್ತೆತ್ತಿ, ಮೇಲ್ದುಟಿ ಮಡಚಿ ಹಾಗೇ ನಿಂತಿತ್ತು. ಮೂಗಿನ ತುದಿಯಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಹತ್ತಿರ ಬಂದ ಕಡುಕಂದು ಗಂಡು ಅದನ್ನು ಕಂಡದ್ದೇ ದಾರಿ ಬದಲಿಸಿತು. ಹಿಂಡಿನೊಳಗಿನ ಹಿರಿತನವನ್ನು ನಾನು ಗುರುತಿಸುವುದು ಕಾಳಗಕ್ಕಿಂತ ಹೆಚ್ಚಾಗಿ ಇಂಥ ಪಕ್ಕಕ್ಕೆ ಸರಿಯುವಿಕೆಯಿಂದಲೇ.

ಗರ್ಭ ಸುಮಾರು ಆರು ತಿಂಗಳು. ಹೆಚ್ಚಿನ ಮರಿಗಳು ಜನವರಿ, ಫೆಬ್ರವರಿಯಲ್ಲಿ ಹುಟ್ಟುತ್ತವೆ. ಆ ಋತುವಿನಲ್ಲಿ ಉದ್ಯಾನವನ್ನು ಪ್ರವಾಸಿಗರಿಗೆ ಮುಚ್ಚುತ್ತಾರೆ, ಮುಚ್ಚಲೇಬೇಕು. ಚಿರತೆ, ಸೀಳುನಾಯಿಗಳಿರುವ ಕಡೆ ಕಡಿದಾದ ಬಂಡೆಗಳನ್ನು ಬಿಟ್ಟರೆ ಇವಕ್ಕೆ ಬೇರೆ ರಕ್ಷಣೆಯಿಲ್ಲ. ಮೇಯುವಾಗ ಯಾವುದೋ ಒಂದು ಹೆಣ್ಣು ತಲೆಯೆತ್ತಿಯೇ ಇರುತ್ತದೆ. ಅದು ಶಿಳ್ಳೆಯಂತೆ ಉಸಿರು ಹೊರಡಿಸಿದರೆ ಇಡೀ ಹಿಂಡು ಪ್ರಪಾತದ ಅಂಚಿಗೆ ಓಡುತ್ತದೆ.

ಗಣತಿಯಲ್ಲಿ ಉದ್ಯಾನವನ್ನು ಭಾಗ ಮಾಡಿಕೊಂಡು ತಂಡಗಳು ಒಂದೇ ಹೊತ್ತಿಗೆ ಎಣಿಸುತ್ತವೆ. ಗಡಿ ದಾಟಿದ ಹಿಂಡು ಎರಡು ಕಡೆಯೂ ಲೆಕ್ಕಕ್ಕೆ ಬರಬಹುದು. ಅದಕ್ಕೇ ಸಂಜೆ ಪಕ್ಕದ ತಂಡದವರ ಪಕ್ಕ ಕೂತು ಸಮಯ, ದಿಕ್ಕು, ಮರಿಗಳ ಸಂಖ್ಯೆ, ಹಿರಿಗಂಡುಗಳ ಸಂಖ್ಯೆ ಒಂದೊಂದಾಗಿ ತಾಳೆ ನೋಡುತ್ತೇವೆ.