ಹೊಸ ಪುಸ್ತಕ ಕೊಳ್ಳುವ ಮುಂಚೆ ನಡುಪುಟ ಓದಿಸಿ

ಮಕ್ಕಳಿಗೆ ಕನ್ನಡ ಪುಸ್ತಕ ತೊಗೊಳ್ಳುವಾಗ ಹಿಂಬದಿ ಅಚ್ಚಾಗಿರುವ ವಯಸ್ಸನ್ನೇ ನಂಬಬೇಡಿ. ನಡುವಿನ ಒಂದು ತುಂಬು ಪುಟ ತೆಗೆದು ಮಗುವಿನ ಕೈಲಿ ಗಟ್ಟಿಯಾಗಿ ಓದಿಸಿ, ತಡವರಿಸಿದ ಒಂದೊಂದು ಪದಕ್ಕೆ ಒಂದೊಂದು ಬೆರಳು ಮಡಚಿ. ಎರಡು ಮೂರಾದರೆ ಧಾರಾಳವಾಗಿ ಕೊಳ್ಳಿ. ಐದೂ ಮಡಚಿದರೆ ಅದು ಸದ್ಯಕ್ಕೆ ನೀವು ಓದಿ ಹೇಳುವ ಪುಸ್ತಕ. ಮೊದಲ ಪುಟ ಬೇಡ, ಅಲ್ಲಿ ಚಿತ್ರ ದೊಡ್ಡದು, ಸಾಲು ಕಡಿಮೆ. ಮಕ್ಕಳು ಎಡವೋದು ಹೆಚ್ಚಾಗಿ ಒತ್ತಕ್ಷರದಲ್ಲಿ, ಪ್ರತ್ಯಯಗಳೆಲ್ಲ ಅಂಟಿ ಉದ್ದವಾದ ಪದದಲ್ಲಿ. 'ಅಕ್ಕ', 'ಕಷ್ಟ' ಸಲೀಸಾಗಿ ದಾಟಿದವರು 'ರಾಷ್ಟ್ರ'ದ ಜೋಡಿ ಒತ್ತಿನಲ್ಲೋ 'ಹೋಗಬೇಕಾಗಿದ್ದರಿಂದ'ದ ನಡುವಲ್ಲೋ ನಿಲ್ಲುತ್ತಾರೆ. ಸಾಲುಸಾಲಿಗೂ ನಿಂತರೆ ಕತೆಯ ಎಳೆ ಕೈತಪ್ಪುತ್ತೆ. ಊರು, ಪಾತ್ರಗಳ ಹೆಸರು ಲೆಕ್ಕಕ್ಕಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಪುಕ್ಕಟೆ ಸಿಗುವ ಕತೆಗಳಿಗೆ 1ರಿಂದ 4ರ ಓದಿನ ಹಂತ ಹಾಕಿರುತ್ತಾರೆ, ಆದರೆ ಅಲ್ಲೂ ಒಂದು ಪುಟ ಓದಿಸಿಯೇ ನೋಡಿ. ಪದ್ಯಕ್ಕೆ ಈ ಉಪಾಯ ನಡೆಯಲ್ಲ, ಪ್ರಾಸವೇ ಮಗುವನ್ನು ಮುಂದೆ ಎಳೆದುಬಿಡುತ್ತೆ. ಧಾರವಾಡ, ಕುಂದಾಪುರದ ಆಡುಮಾತಿನ ಕತೆಗಳಲ್ಲಿ ಬೆರಳು ಬೇಗ ಮುಗಿಯುತ್ತೆ. ಇನ್ನೆರಡು ಪುಟ ಓದಲಿ, ಕಿವಿ ಹೊಂದಿಕೊಳ್ಳುತ್ತೆ. ಹದಿಹರೆಯದವರ ಕಾದಂಬರಿಗಂತೂ ಬೆರಳೆಣಿಕೆ ದಂಡ: ಅಲ್ಲಿ ಪದ ಹಗುರ, ವಿಷಯ ಭಾರ. ಒಂದು ಅಧ್ಯಾಯ ಮೊದಲು ನೀವೇ ಓದಿ, ಆಮೇಲೆ ಕೊಡಿ.