ಮ್ಯಾನೇಜರ್ ಜೊತೆ ಕೆಟ್ಟೋದ್ರೆ ಬ್ಯಾಂಡ್‌ನೋರು ಏನೇನ್ ಮಾಡ್ಕೋಬೇಕು

ಶೋ ಮುಗ್ದು ತಿಂಗಳುಗಟ್ಲೆ ಆಯ್ತು, ಆರ್ಗನೈಸರ್ ಕೇಳಿದ್ರೆ ಪೇಮೆಂಟ್ ಯಾವಾಗ್ಲೋ ಹಾಕಾಯ್ತು ಅಂತಾರೆ, ಮ್ಯಾನೇಜರ್ ಇನ್ನೂ ಬಂದಿಲ್ಲ ಅಂತಾರೆ. ಮೈಸೂರಲ್ಲಿ ಕಾಲೇಜ್ ಫೆಸ್ಟು, ರೆಸಾರ್ಟ್ ಶೋ, ದಸರಾ ಸ್ಟೇಜು ಅಂತ ನುಡಿಸ್ಕೊಂಡು ಓಡಾಡೋ ಹುಡುಗ್ರಿಗೆ ಇದು ಬಂದಾಗ ಮೊದಲು ಅನ್ಸೋದು ಇನ್‌ಸ್ಟಾ ಲೈವ್ ಬಂದು ಬಂಡವಾಳ ಬಯಲು ಮಾಡೋಣ ಅಂತ. ದಯವಿಟ್ಟು ಬೇಡ. ಕೈಯಲ್ಲಿ ದಾಖಲೆ ಇಲ್ದೆ ಕಳ್ಳ ಅಂತ ಬರೆದ್ರೆ ಮಾನನಷ್ಟ ಕೇಸು ನಿಮ್ ಮೇಲೇ ಬೀಳುತ್ತೆ.

ಮೊದಲು ಲಾಗಿನ್‌ಗಳು. ಮಾತು ಪೂರ್ತಿ ನಿಲ್ಲೋ ಮುಂಚೆನೇ ಕೇಳಿ ತಗೊಳಿ. ಯೂಟ್ಯೂಬ್ ಚಾನೆಲ್ ಬ್ರ್ಯಾಂಡ್ ಅಕೌಂಟ್ (ಒಂದೇ ಚಾನೆಲ್‌ನ ಹಲವರು ತಮ್ತಮ್ಮ ಗೂಗಲ್ ಲಾಗಿನ್‌ನಿಂದ ನಡೆಸೋ ಅಕೌಂಟು) ಆಗಿದ್ರೆ, ನಿಮ್ಮನ್ನ ಓನರ್ ಅಂತ ಸೇರ್ಸಿ 7 ದಿನ ಆದ್ಮೇಲೇ ಪ್ರೈಮರಿ ಓನರ್ ಮಾಡಕ್ಕಾಗೋದು. ಓಟಿಪಿ ಯಾರ ನಂಬರ್‌ಗೆ ಬರುತ್ತೆ ನೋಡಿ. ಸ್ಟುಡಿಯೋ ಸೆಷನ್ ಫೈಲ್‌ಗಳನ್ನ (ಹಾಡಿನ ಒಂದೊಂದು ಟ್ರ್ಯಾಕೂ ಬೇರೆ ಬೇರೆ ಇರೋ ಮೂಲ ರೆಕಾರ್ಡಿಂಗು) ಹಾರ್ಡ್ ಡಿಸ್ಕ್‌ಗೆ ಇಳಿಸ್ಕೊಳಿ. ವಾಟ್ಸಾಪ್ ಸ್ಕ್ರೀನ್‌ಶಾಟ್ ಒಂದನ್ನೇ ನಂಬ್ಕೋಬೇಡಿ, ಒರಿಜಿನಲ್ ಚಾಟ್ ಇರೋ ಫೋನ್ ಮಾರ್ಲೂಬೇಡಿ, ಫಾರ್ಮ್ಯಾಟೂ ಮಾಡ್ಬೇಡಿ.

ಆಮೇಲೆ ಲೆಕ್ಕ, ಇದೇ ಮುಖ್ಯ. ನಿಮ್ ಪರವಾಗಿ ಶೋ ಹಿಡ್ದು ದುಡ್ಡು ಇಸ್ಕೊಳೋರು ಕಾನೂನಲ್ಲಿ ಸಾಮಾನ್ಯವಾಗಿ ನಿಮ್ ಏಜೆಂಟು, 1872ರ ಕಾಂಟ್ರ್ಯಾಕ್ಟ್ ಆಕ್ಟ್ ಪ್ರಕಾರ ಕೇಳಿದಾಗ ಲೆಕ್ಕ ಕೊಡ್ಲೇಬೇಕು, ತಮ್ಮ ಕಮಿಷನ್ನು ಖರ್ಚು ಹಿಡ್ಕೊಂಡು ಮಿಕ್ಕಿದ್ದು ಕೊಡ್ಲೇಬೇಕು. ಹಾಗಾಗಿ ಪ್ರತಿ ಶೋ ಆರ್ಗನೈಸರ್‌ಗೂ ಒಂದು ಮೇಲ್ ಹಾಕಿ, ಎಷ್ಟು ಕೊಟ್ರಿ, ಯಾವ ಡೇಟು, ಯಾವ ಅಕೌಂಟಿಗೆ ಅಂತ. ಎಷ್ಟೋ ಜನ ಕಾಲೇಜಿನೋರು ಸಂಕೋಚ ಇಲ್ದೆ ಹೇಳ್ತಾರೆ, ಅವ್ರಿಗೇನು ನಷ್ಟ ಹೇಳಿ. ಎಲ್ಲಾ ಒಂದು ಶೀಟಲ್ಲಿ ಹಾಕಿ, ಲೆಕ್ಕ ಕೊಡಿ ಅಂತ ದಿನಾಂಕ ಹಾಕಿ ಬರೆದು ಸ್ಪೀಡ್ ಪೋಸ್ಟಲ್ಲೂ ಮೇಲಲ್ಲೂ ಕಳ್ಸಿ. ಬಾಕಿ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು, ನೋಡೋಣ ನೋಡೋಣ ಅಂತ ಕೂತ್ರೆ ಹೋಯ್ತು.

ಬಿಡ್ತಿದೀವಿ ಅನ್ನೋದನ್ನೂ ಬರವಣಿಗೆಯಲ್ಲೇ ಹೇಳಿ, ಅಗ್ರಿಮೆಂಟಲ್ಲಿ ಎಷ್ಟು ದಿನದ ನೋಟಿಸ್ ಅಂತಿದ್ಯೋ ಅಷ್ಟು ಕೊಡಿ. ಆರ್ಗನೈಸರ್‌ಗಳಿಗೂ ತಿಳಿಸ್ಬೇಕು, ಯಾಕಂದ್ರೆ ವಿಷಯ ಗೊತ್ತಿಲ್ದೆ ಅವ್ರು ಹಳೇ ಮ್ಯಾನೇಜರ್ ಕೈಗೆ ಅಡ್ವಾನ್ಸ್ ಕೊಟ್ರೆ ಆ ಬುಕಿಂಗು ನಿಮ್ ತಲೆಗೇ ಬರ್ಬೋದು. ಕಾರಣ ಬರೀಬೇಡಿ, ಇನ್ಮೇಲೆ ಈ ಅಕೌಂಟಿಗೆ ಹಾಕಿ ಅಂದ್ರೆ ಸಾಕು.

ಹೆಸರಿನ ವಿಷಯ ಹಗುರವಾಗಿ ತಗೋಬೇಡಿ. 1974ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನ ಮ್ಯಾನೇಜರು ಹೆಸರು ನಂದು ಅಂತ ಹೇಳಿ ಬೇರೆ ಹುಡುಗ್ರನ್ನ ಸೇರ್ಸಿ ಅದೇ ಹೆಸರಲ್ಲಿ ಅಮೆರಿಕಾ ಟೂರಿಗೇ ಕಳಿಸ್ಬಿಟ್ಟಿದ್ರು, ಒರಿಜಿನಲ್ ಬ್ಯಾಂಡು ಕೋರ್ಟ್ ಹತ್ಬೇಕಾಯ್ತು. ನಮ್ಮಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಆನ್‌ಲೈನಲ್ಲೇ ಹಾಕ್ಬೋದು, ಅರ್ಜಿಲಿ ಸಂಗೀತ ಕಾರ್ಯಕ್ರಮಕ್ಕೆ ಆರಿಸ್ಬೇಕಾದ ವಿಭಾಗ ಕ್ಲಾಸ್ 41, ವ್ಯಕ್ತಿ ಹೆಸರಲ್ಲಾದ್ರೆ ಫೀಸು 4,500 ರೂಪಾಯಿ. ಮೊದಲಿಂದ ಬಳಸ್ತಿದ್ದೋರಿಗೆ ಕಾನೂನಲ್ಲಿ ಬೆಲೆ ಇದೆ, ಹಾಗಾಗಿ ಹಳೇ ಪೋಸ್ಟರು, ಟಿಕೆಟ್ಟು, ಪೇಪರ್ ಕಟಿಂಗ್ ಎಸೀಬೇಡಿ. ಅರ್ಜಿ ಒಬ್ಬ ಗಿಟಾರಿಸ್ಟ್ ಹೆಸರಲ್ಲಿ ಹಾಕಿದ್ರೆ ಮುಂದಿನ ಜಗಳ ಅಲ್ಲೇ ಶುರು, ಎಲ್ರೂ ಸೇರಿ ಮೊದಲು ಒಂದು ಪಾರ್ಟ್ನರ್‌ಶಿಪ್ ಡೀಡ್ ಮಾಡ್ಕೊಳಿ.

ಹಾಡುಗಳ ಹಕ್ಕು ಬಾಯಿಮಾತಲ್ಲಿ ಬರ್ಕೊಟ್ಟಂಗೆ ಆಗಲ್ಲ. ಸಹಿ ಹಾಕಿದ್ದ ಪೇಪರ್ ಇದ್ರೂ ಅದ್ರಲ್ಲಿ ಅವಧಿ ಇಲ್ದಿದ್ರೆ ಕೊಟ್ಟ ಹಕ್ಕು 5 ವರ್ಷಕ್ಕೆ, ಜಾಗ ಹೇಳ್ದಿದ್ರೆ ಭಾರತಕ್ಕೆ ಮಾತ್ರ. ಆದ್ರೆ ಸಾಹಿತ್ಯ, ಟ್ಯೂನು, ರೆಕಾರ್ಡಿಂಗು ಮೂರೂ ಬೇರೆ ಬೇರೆ ಹಕ್ಕು. ರೆಕಾರ್ಡಿಂಗ್ ಮಾಡ್ಸೋ ಜವಾಬ್ದಾರಿ ಹೊತ್ತು ಸ್ಟುಡಿಯೋ ಬಿಲ್ ಕಟ್ಟಿದ್ದು ಮ್ಯಾನೇಜರ್ ಆಗಿದ್ರೆ ಆ ರೆಕಾರ್ಡಿಂಗ್ ಅವ್ರದ್ದು ಅಂತ ವಾದ ಬರುತ್ತೆ, ಟ್ಯೂನ್ ನಿಮ್ದೇ ಆದ್ರೂನೂ.

ಕೋರ್ಟಿಗೆ ಹೋಗೋ ಮುಂಚೆ ಮೀಡಿಯೇಷನ್, ಅಂದ್ರೆ ಮಧ್ಯಸ್ಥರನ್ನ ಕೂರ್ಸ್ಕೊಂಡು ರಾಜಿ ಮಾತುಕತೆ, ನೋಡಿ. ಅಮೆರಿಕಾದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1976ರಲ್ಲಿ ಮ್ಯಾನೇಜರ್ ಮೇಲೆ ಕೇಸ್ ಹಾಕಿ, 1977ರಲ್ಲಿ ರಾಜಿ ಆಗೋವರ್ಗೂ ತನಗೆ ಬೇಕಾದ ಪ್ರೊಡ್ಯೂಸರ್ ಜೊತೆ ರೆಕಾರ್ಡ್ ಮಾಡಕ್ಕಾಗ್ದೆ ಕೂತಿದ್ರು, ಅಂಥಾ ಸ್ಟಾರ್‌ಗೇ ಹಂಗಾಯ್ತು. ವಕೀಲರ ಫೀಸಿಗೆ ಕಷ್ಟ ಅಂದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ, ಹೆಣ್ಮಕ್ಕಳಿಗೂ ಎಸ್‌ಸಿ ಎಸ್‌ಟಿಯವ್ರಿಗೂ ಆದಾಯ ನೋಡ್ದೆ ಉಚಿತ ನೆರವಿದೆ. ರಾಜಿ ಆದ್ರೆ ಹೆಸರು, ಲಾಗಿನ್ನು, ಬಾಕಿ ದುಡ್ಡು ಕಂತಲ್ಲಾದ್ರೆ ಅದ್ರ ತಾರೀಖು, ಆಗ್ಲೇ ಬುಕ್ ಆಗಿರೋ ಶೋಗಳ ಕಮಿಷನ್ ಯಾರಿಗೆ ಅನ್ನೋದು ಎಲ್ಲಾ ಪೇಪರಲ್ಲಿ ಬರ್ಲಿ, ಡ್ರಮ್ಮರ್ ಊರಲ್ಲಿಲ್ಲ ಅಂದ್ರೂ ಕಾದು ಎಲ್ರ ಸಹಿನೂ ಹಾಕ್ಸಿ.